ಯೋಧರ ಹೆಸರಲ್ಲಿ ಮೈ ದಣಿಸಿದವರು

ಬೆಂಗಳೂರಿನ ಯಲಹಂಕದ ದೊಡ್ಡಬಳ್ಳಾಪುರ ರಸ್ತೆಯಿಂದ ಕವಲೊಡೆದು ಎಂ.ಎಸ್. ಪಾಳ್ಯ ಸೇರುವ ರಸ್ತೆಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿದೆ. ಅಲ್ಲಿಂದ ಸಿಂಗಾಪುರ ಬಡಾವಣೆ ಕೂಗಳತೆ ದೂರ. ಇತ್ತ ಜಾಲಹಳ್ಳಿಯ ವಾಯುಪಡೆ ನೆಲೆ, ಅತ್ತ ಯಲಹಂಕದ್ದು, ಸೇನೆಗೆ ರೇಡಾರ್ ಮಾಡಿಕೊಡುವ ಬಿಇಎಲ್ ಮಗ್ಗುಲಲ್ಲೇ. ಹೀಗಾಗಿ ಈ ಬಡಾವಣೆಗಳಲ್ಲಿ ಮಾಜಿ ಸೈನಿಕರ ಮನೆಗಳಿಗೆ ಬರವಿಲ್ಲ. ಸೈನಿಕರಿಗಾಗಿ ಓಡುವ, ನಡೆಯುವ, ಸೈಕಲ್ ತುಳಿಯುವ ಸಾಹಸಗಳು ಹೇಗೆ ಬೆಳೆದು ಬಂದವು ಎಂದು ನೋಡಹೊರಟರೆ, ಆ ಕಥೆಯ ಒಂದು ಎಳೆ ಇಲ್ಲೇ ಸಿಗುತ್ತದೆ.

2008ರ ನವೆಂಬರ್ 28ರಂದು ಮುಂಬೈನ ತಾಜ್ ಹೋಟೆಲ್‌ನಲ್ಲಿ ಉಗ್ರರೊಂದಿಗೆ ಹೋರಾಡುತ್ತ ಸಂದೀಪ್ ಹುತಾತ್ಮರಾದರು. ಮರುವರ್ಷದ ಗಣರಾಜ್ಯೋತ್ಸವದಂದು ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ಇಸ್ರೊದಿಂದ ನಿವೃತ್ತರಾಗಿದ್ದ ತಂದೆ ಕೆ. ಉನ್ನಿಕೃಷ್ಣನ್ 2012ರಲ್ಲಿ ದೆಹಲಿಯ ಇಂಡಿಯಾ ಗೇಟ್‌ನಿಂದ ಸೈಕಲ್ ಹತ್ತಿ ಹೊರಟರು. ಸುಮಾರು ಒಂದು ತಿಂಗಳು ತುಳಿದು, ದಾಳಿಯ ವಾರ್ಷಿಕದ ಹೊತ್ತಿಗೆ ಮುಂಬೈನ ಗೇಟ್‌ವೇ ಆಫ್ ಇಂಡಿಯಾ ತಲುಪಿದರು. ಅದರ ಎದುರಿಗೇ ತಾಜ್ ಹೋಟೆಲ್. ದುಡ್ಡು ಕೂಡಿಸುವುದು ಆ ಯಾನದ ಉದ್ದೇಶವಾಗಿರಲಿಲ್ಲ. ಮಗನ ನೆನಪನ್ನು ಊರೂರಿಗೆ ಒಯ್ಯುವುದಷ್ಟೇ ಆಗಿತ್ತು.

ಸತ್ತ ವೀರನ ನೆನಪನ್ನು ಕಾಪಿಡುವುದು ಈ ಸೀಮೆಗೆ ಹೊಸತಲ್ಲ. ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಊರಿನ ಮೇಲೆ ಬಿದ್ದ ದಂಡನ್ನು ಎದುರಿಸಿ ಕಿತ್ತಯ್ಯ ಮಡಿದದ್ದನ್ನು ಅದು ಹೇಳುತ್ತದೆ. ಆದರೆ ಕಲ್ಲು ನಿಲ್ಲಿಸಿದಲ್ಲಿಗೆ ಹಳಬರ ಹೊಣೆ ತೀರುತ್ತಿರಲಿಲ್ಲ. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಹೊಲಗದ್ದೆ ಬಿಟ್ಟುಕೊಟ್ಟ ಸಂಗತಿ ನಾಡಿನ ಎಷ್ಟೋ ಶಾಸನಗಳಲ್ಲಿದೆ. ನಮ್ಮ ಕಾಲದ ಯಾತ್ರೆಗಳು ಕಲ್ಲನ್ನು ಹಿಡಿದುಕೊಂಡು ಕೊಡಗೆಯನ್ನು ಮರೆತಿವೆಯೇನೋ ಎಂಬ ಅನುಮಾನಕ್ಕೆ ಆಸ್ಪದವಿದೆ.

ಪಶ್ಚಿಮದಲ್ಲಿ ಹಾದಿ ಬೇರೆಯಾಯಿತು. ಅಲ್ಲಿಯೂ ಮೊದಲು ಬಂದದ್ದು ಸ್ಮರಣೆಯೇ. 1942ರಲ್ಲಿ ಫಿಲಿಪ್ಪೀನ್ಸ್‌ನ ಬತಾನ್‌ನಲ್ಲಿ ಜಪಾನೀಯರಿಗೆ ಸೆರೆಸಿಕ್ಕ ಸೈನಿಕರಲ್ಲಿ ಅನೇಕರನ್ನು ಬಿಸಿಲಲ್ಲಿ ನಡೆಸಿ ನಡೆಸಿಯೇ ಸಾಯಿಸಿದ್ದರು. ಅದರ ನೆನಪಿಗೆ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ವಿದ್ಯಾರ್ಥಿಗಳು 1989ರಲ್ಲಿ ಒಂದು ನಡಿಗೆ ಶುರುಮಾಡಿದರು. ಮರುಭೂಮಿಯಲ್ಲಿ ಪೂರ್ಣ ಮ್ಯಾರಥಾನ್ ದೂರ ನಡೆಯಬೇಕು. ಭಾರದ ವಿಭಾಗಕ್ಕೆ ಸೇರಿದವರ ಬೆನ್ನ ಮೇಲೆ ಕನಿಷ್ಠ 16 ಕೆ.ಜಿ. ಹೊರೆಯೂ ಇರಬೇಕು. 2004ರಲ್ಲಿ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನ ಬಾರ್ ಒಂದರಲ್ಲಿ ಕೆಲಸಕ್ಕಿದ್ದ ಕ್ರಿಸ್ ಕಾರ್ನಿ ಗಾಯಾಳು ಸೈನಿಕರಿಗೆ ನಿಧಿ ಕೂಡಿಸಲು ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಸೈಕಲ್ ತುಳಿದ. ಮರುವರ್ಷ ಇರಾಕ್ ಯುದ್ಧದಲ್ಲಿ ಕಾಲು ಕಳೆದುಕೊಂಡವರೇ ಅವನ ಜತೆಗೆ ಹೊರಟರು. ಇಡೀ ಕಥೆಯ ದೊಡ್ಡ ತಿರುವು ಇದೇ. ನೆರವು ಪಡೆಯಬೇಕಾದವನೇ ರಸ್ತೆಗಿಳಿದಿದ್ದ.

ಬ್ರಿಟನ್‌ನಲ್ಲಿ 2007ರಲ್ಲಿ ಹುಟ್ಟಿದ ಹೆಲ್ಪ್ ಫಾರ್ ಹೀರೋಸ್ ಸಂಸ್ಥೆ ಸೈಕಲ್ ಯಾತ್ರೆಗಳನ್ನೇ ನೆಚ್ಚಿ ಬೆಳೆಯಿತು. ವಾಕಿಂಗ್ ವಿತ್ ದ ವೂಂಡೆಡ್ ಸಂಸ್ಥೆ 2011ರಲ್ಲಿ ನಾಲ್ವರು ಗಾಯಾಳು ಸೈನಿಕರನ್ನು ಉತ್ತರ ಧ್ರುವಕ್ಕೆ ನಡೆಸಿತು. ಕ್ಯಾಪ್ಟನ್ ಟಾಮ್ ಮೂರ್ ಅವರದು ತಿರುವುಮುರುವಾದ ಕಥೆ. ಎರಡನೇ ಮಹಾಯುದ್ಧದಲ್ಲಿ ಭಾರತ ಮತ್ತು ಬರ್ಮಾದಲ್ಲಿ ಸೇವೆ ಸಲ್ಲಿಸಿದ್ದ ಈ ಅಜ್ಜ, 2020ರ ಲಾಕ್‌ಡೌನ್‌ನಲ್ಲಿ ನೂರು ತುಂಬುವ ಮುನ್ನ ಊರುಗೋಲ ಗಾಡಿ ಹಿಡಿದು ಮನೆಯಂಗಳದಲ್ಲಿ ನೂರು ಸುತ್ತು ಹಾಕಿದರು. ಆರೋಗ್ಯ ಸೇವೆಯ ದತ್ತಿಗಳಿಗೆ 3 ಕೋಟಿ ಪೌಂಡ್‌ಗೂ ಹೆಚ್ಚು ಹಣ ಹರಿದುಬಂತು.

ನಮ್ಮಲ್ಲಿ ಮಾಜಿ ಸೈನಿಕರ ಯೋಗಕ್ಷೇಮ ಬಹುಕಾಲ ಸರ್ಕಾರದ ಕಡತದೊಳಗಿನ ವಿಷಯವಾಗಿತ್ತು. ಸಶಸ್ತ್ರ ಪಡೆಗಳ ಧ್ವಜ ದಿನ 1949ರಿಂದ ಪ್ರತಿ ಡಿಸೆಂಬರ್ 7ರಂದು ನಡೆಯುತ್ತಿದೆ. ಶಾಲೆಯಲ್ಲಿ ಚಿಲ್ಲರೆ ಕೊಟ್ಟು ಪುಟ್ಟ ಬಾವುಟ ಅಂಟಿಸಿಕೊಂಡ ನೆನಪು ಅನೇಕರಿಗಿದ್ದೀತು. ಕೊಡಗಿನ ಸೇನಾನಿ ಕೆ.ಎಂ. ಕಾರ್ಯಪ್ಪ ನಿವೃತ್ತಿಯ ನಂತರವೂ ಮಾಜಿ ಸೈನಿಕರ ಸಂಘಟನೆಗೆ ದುಡಿದರು. ಜನಸಾಮಾನ್ಯರು ಓಡಿ ದೇಣಿಗೆ ಎತ್ತುವ ಪರಿಪಾಠ ಬೇರೂರಿದ್ದು 2004ರಲ್ಲಿ ಮುಂಬೈ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ 10ಕೆ ಓಟ ಶುರುವಾದ ಮೇಲೆ.

ಓಡಿದವರಲ್ಲಿ ಮೇಜರ್ ಡಿ.ಪಿ. ಸಿಂಗ್ ಹೆಸರು ದೊಡ್ಡದು. ಕಾರ್ಗಿಲ್ ಯುದ್ಧದ ವೇಳೆ, 1999ರ ಜುಲೈ 15ರಂದು, ಪಕ್ಕದಲ್ಲೇ ಮಾರ್ಟರ್ ಗುಂಡು ಸಿಡಿಯಿತು. ಆಸ್ಪತ್ರೆಯಲ್ಲಿ ಮೊದಲು ಸತ್ತರೆಂದೇ ಘೋಷಿಸಿದ್ದರು. ಬದುಕಿದರು, ಬಲಗಾಲು ಹೋಯಿತು. ಹತ್ತು ವರ್ಷದ ಬಳಿಕ ದೆಹಲಿ ಹಾಫ್ ಮ್ಯಾರಥಾನ್‌ನಲ್ಲಿ ಕೃತಕ ಕಾಲಿನಲ್ಲಿ ಓಡಿದರು. ಹೊರಗಿನಿಂದ ನೋಡುವವರಿಗೆ ಅದು ಛಲ ಮಾತ್ರ. ಒಳಗಿನ ಲೆಕ್ಕ ಬೇರೆ. ಓಡುವಾಗ ಮೊಂಡುಗಾಲು ಸಾಕೆಟ್ಟಿನೊಳಗೆ ಬೆವರುತ್ತದೆ, ಬೆವರಿದರೆ ಜಾರುತ್ತದೆ, ಜಾರಿದರೆ ಚರ್ಮ ಕಿತ್ತು ಗಾಯವಾಗುತ್ತದೆ. ಗಾಯ ಮಾಯುವ ತನಕ ಕಾಲು ತೊಡುವಂತಿಲ್ಲ, ಅಂದರೆ ಓಟವಿರಲಿ, ನಡಿಗೆಯೂ ಇಲ್ಲ. ನಡುದಾರಿಯಲ್ಲಿ ನಿಂತು, ಕಾಲು ಕಳಚಿ, ಒರೆಸಿಕೊಂಡು ಮತ್ತೆ ತೊಟ್ಟು ಓಡಬೇಕು. 2011ರಲ್ಲಿ ಸಿಂಗ್ ತಮ್ಮಂಥವರಿಗಾಗಿ ದ ಚಾಲೆಂಜಿಂಗ್ ಒನ್ಸ್ ಎಂಬ ಬಳಗ ಕಟ್ಟಿದರು. ಸೇನೆ 2018ನ್ನು ಕರ್ತವ್ಯದಲ್ಲಿ ಅಂಗವಿಕಲರಾದ ಯೋಧರ ವರ್ಷವೆಂದು ಸಾರಿತು.

ಹೈದರಾಬಾದಿನ ಆದಿತ್ಯ ಮೆಹ್ತಾ ಸೈನಿಕರಲ್ಲ. ಅಪಘಾತದಲ್ಲಿ ಕಾಲು ಕಳೆದುಕೊಂಡ ಸೈಕಲ್ ಪಟು. ಅವರ ಪ್ರತಿಷ್ಠಾನ ಇನ್ಫಿನಿಟಿ ರೈಡ್ ಎಂಬ ದೀರ್ಘ ಯಾತ್ರೆಗಳಿಂದ ಹಣ ಕೂಡಿಸಿ, ಬಿಎಸ್‌ಎಫ್, ಸಿಆರ್‌ಪಿಎಫ್‌ಗಳ ಗಾಯಾಳು ಜವಾನರನ್ನು ಪ್ಯಾರಾ ಕ್ರೀಡೆಗೆ ತಯಾರು ಮಾಡುತ್ತದೆ. 2020ರ ಕೊನೆಯಲ್ಲಿ ಅವರ ತಂಡ ಕಾಶ್ಮೀರದಿಂದ ಕನ್ಯಾಕುಮಾರಿಗೆ ಸೈಕಲ್ ತುಳಿಯಿತು. ಸ್ಮರಣೆಯ ಬದಲು ಬದುಕಿರುವವನ ಮುಂದಿನ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಯತ್ನ ಇದು. ನೆತ್ತರುಗೊಡಗೆಗೆ ಹೆಚ್ಚು ಹತ್ತಿರ.

ಬೆಂಗಳೂರು ಮಾತ್ರ ಮತ್ತೆ ಸ್ಮರಣೆಯ ಕಡೆಗೇ ವಾಲಿತು. ಪುಲ್ವಾಮಾದ ಉಗ್ರರ ದಾಳಿಯಲ್ಲಿ 40 ಸಿಆರ್‌ಪಿಎಫ್ ಜವಾನರು ಮಡಿದ ಮೇಲೆ ಇಲ್ಲಿನ ಸಂಗೀತಗಾರ ಉಮೇಶ್ ಗೋಪಿನಾಥ್ ಜಾಧವ್ 2019ರ ಏಪ್ರಿಲ್‌ನಲ್ಲಿ ಕಾರಿಗೊಂದು ಟ್ರೇಲರ್ ಕಟ್ಟಿಕೊಂಡು ಹೊರಟರು. ಮಂಡ್ಯ ಜಿಲ್ಲೆಯ ಗುಡಿಗೆರೆಯ ಎಚ್. ಗುರು ಸೇರಿದಂತೆ ಹುತಾತ್ಮರ ಮನೆಮನೆಗೆ ಹೋಗಿ ಅಂಗಳದ ಮಣ್ಣು ಬೇಡಿದರು. ಲಾಡ್ಜಿಗೆ ಕೊಡಲು ಕಾಸಿಲ್ಲ, ರಾತ್ರಿ ಕಾರಿನಲ್ಲೇ ನಿದ್ದೆ. 61,000 ಕಿ.ಮೀ. ಸುತ್ತಿ 2020ರ ಫೆಬ್ರುವರಿ 14ರಂದು ದಾಳಿ ನಡೆದ ಲೆಥ್‌ಪೊರಾದ ಸ್ಮಾರಕಕ್ಕೆ ಆ ಮಣ್ಣಿನ ಕಲಶ ಒಪ್ಪಿಸಿದರು. ಕೂತು ಗಾಡಿ ಓಡಿಸುವುದೂ ದೇಹದಂಡನೆಯೇ? ಎಂದು ಮೂಗು ಮುರಿಯುವವರು ಒಂದು ವಾರ ಹಾಗೆ ಓಡಿಸಿ ನೋಡಬಹುದು.

ಇನ್ನು ಮುಂದೆ ಮಾಜಿ ಸೈನಿಕ ಎಂದಾಗ ಕಣ್ಣಿಗೆ ಕಟ್ಟುವ ಚಿತ್ರವೇ ಬದಲಾಗಲಿದೆ. 2022ರ ಅಗ್ನಿಪಥ ಯೋಜನೆಯಲ್ಲಿ ಸೇನೆಗೆ ಸೇರಿದವರು ನಾಲ್ಕು ವರ್ಷಕ್ಕೆ ಹೊರಬರುತ್ತಾರೆ. ಕಾಯಂ ಆಗುವವರು ಹೆಚ್ಚೆಂದರೆ ನಾಲ್ಕರಲ್ಲೊಬ್ಬರು. ಉಳಿದವರ ಕೈಗೆ 11.71 ಲಕ್ಷ ರೂಪಾಯಿಯ ಸೇವಾನಿಧಿ ಬರುತ್ತದೆ, ಪಿಂಚಣಿ ಇಲ್ಲ. ಇಪ್ಪತ್ತರ ಆಸುಪಾಸಿನ, ಹುರಿಗೊಂಡ ಮೈಯ ಈ ಹುಡುಗರು ಮೊದಲ ತಂಡದ ಅವಧಿ ಮುಗಿದಂತೆ ಊರುಗಳಿಗೆ ಮರಳತೊಡಗುತ್ತಾರೆ. ಅವರಿಗೆ ಬೇಕಾದದ್ದು ಗಾಲಿಕುರ್ಚಿಯಲ್ಲ, ಕೆಲಸ. ಅದಕ್ಕಾಗಿ ಯಾರು ಸೈಕಲ್ ಏರುತ್ತಾರೆ, ಕೂಡಿದ ಹಣ ಯಾವ ಖಾತೆಗೆ ಹೋಗುತ್ತದೆ ಎಂಬುದು ಇನ್ನೂ ತೀರ್ಮಾನವಾಗಬೇಕಿರುವ ಸಂಗತಿ.