ತಾಯಿತದ ಬೆಳ್ಳಿ, ದುಆದ ಅಭಯ

ಅಂದೋಲಾ, ಜೇವರ್ಗಿ, ಆಳಂದ ಭಾಗದ ನಮ್ಮ ಹಳೆಯ ಮನೆಗಳಲ್ಲಿ ಅಜ್ಜಿಯ ಕಾಲದ ಬೆಳ್ಳಿ ತಾಯಿತ ಸಿಗುವುದು ಅಪರೂಪವಲ್ಲ. ಮಗುವಿಗೆ ಕಟ್ಟಬೇಕೇ, ಕರಗಿಸಬೇಕೇ ಎಂಬ ಚರ್ಚೆಯೂ ಜೊತೆಗೇ ಏಳುತ್ತದೆ. ಉತ್ತರಕ್ಕೆ ಮೊದಲು ಅದರ ಚರಿತ್ರೆಯನ್ನು ಅರಿಯೋಣ.

'ತಾವೀಝ್' ಎಂದರೆ ಅಭಯ ಕೋರುವುದು. 'ಅಊದು ಬಿಲ್ಲಾಹ್' ಎನ್ನುವಾಗಿನ ಪದಮೂಲವೇ ಅದಕ್ಕೂ ಇದೆ. ಇಸ್ಲಾಮಿಗೆ ಮುಂಚಿನ ಅರಬರು ದೃಷ್ಟಿ ತಾಗದಂತೆ ಮಕ್ಕಳಿಗೆ 'ತಮೀಮಾ' ಎಂಬ ಮಣಿ ಕಟ್ಟುತ್ತಿದ್ದರು. ಪ್ರವಾದಿ(ಸ)ಯವರು ಅದನ್ನು ಶಿರ್ಕ್ ಎಂದು ತಡೆದರು. ಆದರೆ ಅಲ್ಲಾಹನ ವಚನವನ್ನೇ ಬರೆದು ಕಟ್ಟಿದರೆ? ಇದರಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ಅಬ್ದುಲ್ಲಾ ಇಬ್ನ್ ಮಸ್‌ಊದ್(ರ) ಪತ್ನಿಯ ಕೊರಳಿನ ದಾರವನ್ನು ಕಿತ್ತುಹಾಕಿದರು. ಅಬ್ದುಲ್ಲಾ ಇಬ್ನ್ ಅಮ್ರ್(ರ) ದುಆ ಕಲಿಯಲಾರದ ಎಳೆಯ ಮಕ್ಕಳಿಗೆ ಅದನ್ನು ಬರೆದು ತೂಗುಹಾಕುತ್ತಿದ್ದರು ಎಂಬ ವರದಿಗಳಿವೆ.

ಕಾಲಕ್ರಮೇಣ ಬರಹ ಆಭರಣವಾಯಿತು. ಈಜಿಪ್ಟಿನಲ್ಲಿ ಅಚ್ಚೊತ್ತಿದ ತಾವೀಝ್‌ಗಳನ್ನು ಲೋಹದ ಪುಟ್ಟ ಕರಡಿಗೆಯಲ್ಲಿಟ್ಟು ಧರಿಸಿದರು. ಮೊಗಲರ ಕಾಲದಲ್ಲಿ ಎದೆಬಡಿತ ತಗ್ಗಿಸುವುದೆಂಬ ನಂಬಿಕೆಯಿಂದ ಹಸಿರುಕಲ್ಲಿನ 'ಹೌಲ್‌ದಿಲಿ' ಪದಕ ತೊಟ್ಟರು.

ನಮ್ಮ ನಾಡಿನಲ್ಲೇ ನೋಡಿ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ಶಹೀದರಾದರು. ಅವರ ಮೈಮೇಲೆ ಒಡವೆಯಿರಲಿಲ್ಲ, ತೋಳಿನಲ್ಲಿ ತಾಯಿತವಿತ್ತು ಎಂದು ಮೇಜರ್ ಅಲನ್ ಬರೆದಿದ್ದಾನೆ. ಅದು ಸುಲ್ತಾನರ ಅಜಲನ್ನು ತಡೆಯಲಿಲ್ಲ. ಅವರ ಕೀರ್ತಿ ಉಳಿದದ್ದು ತಾಯಿತದಿಂದಲ್ಲ, ಬೆನ್ನು ತೋರದ ಧೈರ್ಯದಿಂದ.

1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಸೀಮೆಗೆ ದಖ್ಖನಿನ ಇನ್ನೊಂದು ರೂಢಿ ಪರಿಚಿತ: ಇಮಾಂ ಝಾಮಿನ್. ಪ್ರಯಾಣಿಕರ ತೋಳಿಗೆ ಬಟ್ಟೆಯಲ್ಲಿ ನಾಣ್ಯ ಸುತ್ತಿ ಕಟ್ಟುತ್ತಾರೆ. ಕ್ಷೇಮವಾಗಿ ತಲುಪಿದ ಮೇಲೆ ಆ ಹಣ ಬಡವರಿಗೆ. ಕಟ್ಟುವುದರ ಬಗ್ಗೆ ಉಲಮಾಗಳಲ್ಲಿ ಆಕ್ಷೇಪವಿದೆ. ಸದಕಾದ ಬಗ್ಗೆ ಯಾರಿಗೂ ಇಲ್ಲ.

ಆದ್ದರಿಂದ ಅಜ್ಜಿಯರನ್ನು ಹಳಿಯುವುದು ಬೇಡ. ವೈದ್ಯರಿಲ್ಲದ ಊರಿನಲ್ಲಿ, ಮಗುವಿನ ಜ್ವರದ ರಾತ್ರಿಯಲ್ಲಿ ಅವರು ಅಲ್ಲಾಹನ ವಚನವನ್ನೇ ಆಸರೆಯಾಗಿ ಹಿಡಿದರು. ಆದರೆ ಇಂದು ತಾಯಿತ ಕಟ್ಟಿ ಆಸ್ಪತ್ರೆಗೆ ತಡ ಮಾಡಿದರೆ, ಅರ್ಥವಾಗದ ಅಂಕಿಗಳಿಗೆ ಸಾವಿರಾರು ರೂಪಾಯಿ ತೆತ್ತರೆ, ಅದು ತವಕ್ಕುಲ್ ಅಲ್ಲ. ಬೆಳ್ಳಿ ಮನೆಯ ಉಳಿತಾಯ, ಅದನ್ನು ಇಟ್ಟುಕೊಳ್ಳಿ. ಒಳಗಿನ ಕಾಗದವನ್ನು ಅದಬ್‌ನಿಂದ ಶುದ್ಧ ಮಣ್ಣಿನಲ್ಲಿ ಹೂಳಿ. ಮಗುವಿಗೆ ಔಷಧ ಕೊಡಿಸಿ, ಫಲಕ್ ಮತ್ತು ನಾಸ್ ಸೂರಾ ಓದಿ ಊದಿ. ಪ್ರವಾದಿ(ಸ)ಯವರು ಮಲಗುವ ಮುನ್ನ ಓದುತ್ತಿದ್ದುದೂ ಇವನ್ನೇ. ಮಾತು ಬಂದೊಡನೆ ಮಗುವಿಗೂ ಕಲಿಸಿ.