ಶುಂಠಿಯ ಮೇರೆ

ನಮ್ಮ ಧಾರವಾಡದ ಸೀಮೆಯಲ್ಲಿ ಹಸಿಯ ಶುಂಠಿಗೆ 'ಅಲ್ಲ' ಎಂದು ಹೆಸರು. ಒಣಗಿದ ಮೇಲೆ ಮಾತ್ರವೇ ಅದು 'ಶುಂಠಿ' ಎನಿಸಿಕೊಳ್ಳುತ್ತದೆ. ಹೊರಗಿನಿಂದ ಬಂದವರಿಗೆ ಇದು ಕೊಂಚ ಗಲಿಬಿಲಿಯ ಸಂಗತಿ. ಸಂತೆಯಲ್ಲಿ 'ಇದೇನು?' ಎಂದು ಕೇಳಿದರೆ ಮಾರುವವಳು 'ಅಲ್ಲ' ಎನ್ನುತ್ತಾಳೆ, ಕೇಳಿದವರು 'ಏನಲ್ಲ?' ಎಂದು ಮತ್ತೆ ಕೇಳುತ್ತಾರೆ. ತೆಲುಗರ 'ಅಲ್ಲಂ', ಮರಾಠಿಗರ 'ಆಲೆ' ಇದರ ಒಡನಾಡಿ ಪದಗಳು. ನಮ್ಮ ಅಜ್ಜಿ ಕೆಮ್ಮು, ನೆಗಡಿ, ಹೊಟ್ಟೆಯುಬ್ಬರ ಯಾವುದೇ ಬರಲಿ, 'ಎಲ್ಲಾದಕ್ಕೂ ಅಲ್ಲ' ಎನ್ನುತ್ತಿದ್ದಳು. ಎಲ್ಲ ಬೇನೆಗೂ ಅಲ್ಲವೇ ಮದ್ದು ಎಂಬುದು ಅವಳ ಅಭಿಪ್ರಾಯ. ಈ ಮಾತಿಗೆ ಇನ್ನೊಂದು ಅರ್ಥವೂ ಉಂಟೆಂಬುದು ನಮಗೆ ಮುಂದೆ ತಿಳಿಯಿತು. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದ ಊರು ಕುಂದಗೋಳ ತಾಲೂಕಿನ ಗುಡಗೇರಿ. ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ಸುತ್ತಲೂ ಎರೆಯ ಹೊಲ. ಜೋಳ, ಹತ್ತಿ, ಮೆಣಸಿನಕಾಯಿ ಅಲ್ಲಿಯ ಬೆಳೆ. ಎರೆ ನೆಲ ಒಮ್ಮೆ ನೀರು ಹಿಡಿದರೆ ಬೇಗ ಬಿಡುವುದಿಲ್ಲ. ಶುಂಠಿಯ ಗಡ್ಡೆಯಾದರೋ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಆದುದರಿಂದ ನಮ್ಮ ಊರಿನ ಮನೆಮನೆಯಲ್ಲಿದ್ದ ಈ ಮದ್ದು ನಮ್ಮ ಊರಿನ ಮಣ್ಣಿನಲ್ಲಿ ಹುಟ್ಟಿದ್ದಲ್ಲ. ಹಾನಗಲ್ಲು, ಶಿರಸಿಗಳ ಕಡೆಯಿಂದ, ಮಲೆನಾಡಿನ ಸೆರಗಿನಿಂದ, ಅದು ಸಂತೆಗೆ ಬರುತ್ತಿತ್ತು. 'ಮನೆಮದ್ದು' ಎಂಬ ಮಾತನ್ನು ನಾವು ಬಳಸುವಾಗ ಅದು ಮನೆಯಷ್ಟೇ ಹಳೆಯದು, ಮನೆಯೊಳಗಿನದು ಎಂದು ಭಾವಿಸುತ್ತೇವೆ. ಗುಡಗೇರಿಯ ಶುಂಠಿಯ ಕಥೆ ಬೇರೆಯದನ್ನು ಹೇಳುತ್ತದೆ. ಅದು ಹೊರಗಿನಿಂದ ಬಂದದ್ದು. ವ್ಯಾಪಾರ ಅದನ್ನು ತಂದಿತು. ವಿದ್ಯೆ ಅದರ ಗುಣವನ್ನು ತಿಳಿಸಿತು. ಅನುಭವ ಅದರ ಮೇರೆಯನ್ನು ಗುರುತಿಸಿತು.

ಶುಂಠಿಯ ಗಿಡ ಇಂದು ಕಾಡಿನಲ್ಲಿ ತಾನಾಗಿ ಬೆಳೆದದ್ದು ಎಲ್ಲಿಯೂ ಕಾಣಸಿಗುವುದಿಲ್ಲ. ಸಾವಿರಾರು ವರ್ಷಗಳಿಂದ ಮನುಷ್ಯನೇ ಗಡ್ಡೆಯನ್ನು ಮುರಿದು ನೆಟ್ಟು ಅದನ್ನು ಉಳಿಸಿಕೊಂಡು ಬಂದಿದ್ದಾನೆ. ತಮಿಳು, ಮಲೆಯಾಳಗಳ 'ಇಂಚಿ', ಸಂಸ್ಕೃತದ 'ಶೃಂಗವೇರ', ಗ್ರೀಕರ 'ಜಿಂಗಿಬೆರಿಸ್', ಇಂಗ್ಲಿಷರ 'ಜಿಂಜರ್' ಎಲ್ಲವೂ ಒಂದೇ ಬಳ್ಳಿಯ ಎಲೆಗಳು. ಹಡಗಿನಲ್ಲಿ ಹೋದ ಸರಕಿನೊಡನೆ ಅದರ ಹೆಸರೂ ಹೋಯಿತು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ಗ್ರೀಕ್ ವೈದ್ಯ ಡಯೋಸ್ಕೊರಿಡಿಸ್ ತನ್ನ ಔಷಧಗ್ರಂಥದಲ್ಲಿ ಶುಂಠಿಯನ್ನು ವರ್ಣಿಸಿದ್ದಾನೆ.

ಇನ್ನು ನಮ್ಮ ಊರಿಗೆ ಬರೋಣ. 1076ರ ಶಾಸನವೊಂದರಲ್ಲಿ ಗುಡಿಗೆರೆ ಎಂಬ ಹೆಸರು ದೊರೆಯುತ್ತದೆ. ಪುರಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಆನೆಸೆಜ್ಜೆಯ ಬಸದಿ ಹಾಗೂ ಶ್ರೀನಂದಿ ಪಂಡಿತನೆಂಬ ಜೈನ ವಿದ್ವಾಂಸ ಆ ಶಾಸನದಲ್ಲಿ ಉಲ್ಲೇಖಗೊಂಡಿದ್ದಾರೆ. ಜೈನರು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನಗಳನ್ನು ನಾಲ್ಕಾಗಿ ಎಣಿಸುತ್ತಾರೆ. ಮದ್ದು ಕೊಡುವುದು ಅನ್ನ ಕೊಡುವುದಕ್ಕೆ ಸಮನಾದ ಪುಣ್ಯವೆಂದು ತಿಳಿದ ಸಮಾಜ ಅದು. ಇಲ್ಲೊಂದು ಸ್ವಾರಸ್ಯವುಂಟು. ವ್ರತನಿಷ್ಠರಾದ ಜೈನರು ಹಸಿಯ ಗಡ್ಡೆಗಳನ್ನು ತಿನ್ನುವುದಿಲ್ಲ. ಒಂದು ಗಡ್ಡೆಯಲ್ಲಿ ಅನಂತ ಜೀವಗಳಿರುತ್ತವೆಂಬುದು ಅವರ ನಂಬಿಕೆ. ಆದರೆ ತಾನಾಗಿ ಒಣಗಿದ ಶುಂಠಿ ಅವರಿಗೆ ನಿಷಿದ್ಧವಲ್ಲ. ಹಸಿಯದಕ್ಕೊಂದು ಹೆಸರು, ಒಣಗಿದ್ದಕ್ಕೊಂದು ಹೆಸರು ಇರುವ ನಮ್ಮ ನಾಡಿನಲ್ಲಿ ಇವೆರಡರ ಭೇದ ಬರಿಯ ಅಡುಗೆಮನೆಯ ಭೇದವಾಗಿರಲಿಲ್ಲ.

ವೈದ್ಯವನ್ನು ಕನ್ನಡದಲ್ಲಿ ಬರೆಯುವ ಸಾಹಸವೂ ಆ ಕಾಲದ್ದೇ. 11ನೆಯ ಶತಮಾನದಲ್ಲಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಬೇಸಾಯ, ಪಾಕ, ವೈದ್ಯಗಳು ಒಂದೇ ಗ್ರಂಥದಲ್ಲಿ ಸೇರಿವೆ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವೆಂದು ಕನ್ನಡಕ್ಕೆ ತಂದನು. ಕೀರ್ತಿವರ್ಮನು ದನಕರುಗಳ ಚಿಕಿತ್ಸೆಗಾಗಿ 'ಗೋವೈದ್ಯ'ವನ್ನು ಬರೆದನು. 14ನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ' ವಿಷವೈದ್ಯದ ಗ್ರಂಥ. ಕಲ್ಯಾಣದ ಚಾಲುಕ್ಯರ ಅರಸು ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದ ಅನ್ನಭೋಗದ ಭಾಗದಲ್ಲಿ ಆರ್ದ್ರಕ, ಎಂದರೆ ಹಸಿಶುಂಠಿ, ಬೆರೆಸಿದ ಪಾಕಗಳು ಬರುತ್ತವೆ. ಅರಸನ ತಟ್ಟೆ, ಬಡವನ ಒಲೆ ಎರಡಕ್ಕೂ ಬೇಕಾದ ವಸ್ತು ಇದು. ಅಕ್ಷರ ಬಾರದ ನಮ್ಮ ಅಜ್ಜಿ ಈ ಗ್ರಂಥಗಳ ಹೆಸರನ್ನು ಕೂಡ ಕೇಳಿದವಳಲ್ಲ. ಆದರೆ ಶುಂಠಿ, ಮೆಣಸು, ಹಿಪ್ಪಲಿಗಳನ್ನು ಸಮಭಾಗ ಕುಟ್ಟಿ ಇಡುವಾಗ ಅವಳು ವೈದ್ಯರ 'ತ್ರಿಕಟು'ವನ್ನೇ ಮಾಡುತ್ತಿದ್ದಳು. ಓದಿದವರಿಂದ ಕೇಳಿದವರಿಗೆ, ಅವರಿಂದ ಒಲೆಯ ಮುಂದಿನವರಿಗೆ ಹೀಗೆ ವಿದ್ಯೆ ಇಳಿದು ಬಂದಿತು.

ಅವಳ ಪದ್ಧತಿಗಳು ಇಂದಿಗೂ ನನ್ನ ಕಣ್ಣ ಮುಂದಿವೆ. ಊಟ ಸೇರದಿದ್ದರೆ ಅಲ್ಲದ ತೆಳ್ಳನೆಯ ಬಿಲ್ಲೆಗೆ ಉಪ್ಪು, ನಿಂಬೆಯ ರಸ. ಗಂಟಲು ಕೆರೆದರೆ ಅಲ್ಲದ ರಸಕ್ಕೆ ಜೇನು. ನೆಗಡಿಗೆ ಶುಂಠಿ, ಮೆಣಸು, ಬೆಲ್ಲದ ಕಷಾಯ. ತಲೆನೋವಿಗೆ ಸಾಣೆಕಲ್ಲಿನ ಮೇಲೆ ತೇದ ಒಣಶುಂಠಿಯ ಲೇಪ. ಬಾಣಂತಿಗೆ ಶುಂಠಿಯ ಪುಡಿ ಬೆರೆಸಿದ ಅಂಟಿನುಂಡಿ. ಶುಂಠಿಯಿಲ್ಲದ ಕಷಾಯವಿಲ್ಲವೆಂಬ ಗಾದೆಯನ್ನು ನಮ್ಮ ಮನೆಯಲ್ಲಿ ಯಾರೂ ಅಲ್ಲಗಳೆಯುವಂತಿರಲಿಲ್ಲ.

ಆದರೂ ಶುಂಠಿಗೆ ನಿಲುಕದ ಬೇನೆಗಳನ್ನು ನಮ್ಮ ಸೀಮೆ ಕಂಡಿತ್ತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಹಾಫ್‌ಕಿನ್ ಕಂಡುಹಿಡಿದ ಲಸಿಕೆಯನ್ನು ಅಲ್ಲಿಯ ಸಹಸ್ರಾರು ಜನ ಹಾಕಿಸಿಕೊಂಡರು. ದೇಶದಲ್ಲಿ ಆವರೆಗೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಅದೂ ಒಂದು. ಹಳ್ಳಿಗರು ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ವರ್ಷ ಒಲೆಯ ಮೇಲೆ ಕಷಾಯದ ಪಾತ್ರೆ ಇಳಿಯಲೇ ಇಲ್ಲವೆಂದೂ, ಕುಡಿಯಬೇಕಾದವರು ಒಬ್ಬೊಬ್ಬರಾಗಿ ಇಲ್ಲವಾದರೆಂದೂ ಅಜ್ಜಿ ಹೇಳುತ್ತಿದ್ದಳು. ಹೇಳಿ ಸುಮ್ಮನಾಗುತ್ತಿದ್ದಳು. ಅದರಿಂದ ಅವಳು ಏನನ್ನೂ ನಿರ್ಣಯಿಸಿರಲಿಲ್ಲ. ಅದು ದೈವದ ಮುನಿಸು, ಶುಂಠಿಯ ಸೋಲಲ್ಲ ಎಂದು ಅವಳ ತಿಳಿವಳಿಕೆ.

1955ರ ಮಳೆಗಾಲದಲ್ಲಿ ನನ್ನ ತಮ್ಮನಿಗೆ ಜ್ವರ ಬಂದಿತು. ಅವನಿಗೆ ಆಗ ನಾಲ್ಕು ವರ್ಷ. ಮೊದಲು ನೆಗಡಿ, ಬಳಿಕ ಕೆಮ್ಮು. ಅಲ್ಲದ ರಸ, ಜೇನು, ಎದೆಗೆ ಬಿಸಿ ಲೇಪ ನಡೆದವು. ಮೂರನೆಯ ದಿನ ಉಸಿರಾಟ ಬಿರುಸಾಗಿ, ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಸೆಳೆಯತೊಡಗಿತು. ಹುಬ್ಬಳ್ಳಿಗೆ ಒಯ್ಯೋಣವೆಂದು ತಂದೆ ಎಂದರು. ಮಳೆ ನಿಲ್ಲಲಿ, ಇನ್ನೊಂದು ದಿನ ನೋಡೋಣ ಎಂದಳು ಅಜ್ಜಿ. ಐದನೆಯ ದಿನ ಬೆಳಗಿನ ರೈಲಿಗೆ ಅವನನ್ನು ಹೊತ್ತುಕೊಂಡು ಹೋದರು. ಮಗುವಿಗೆ ನ್ಯುಮೋನಿಯವಾಗಿದೆ, ಎರಡು ದಿನ ಮೊದಲೇ ತಂದಿದ್ದರೆ ಪೆನಿಸಿಲಿನ್ ಕೊಡಬಹುದಾಗಿತ್ತು ಎಂದು ಪರೀಕ್ಷಿಸಿದ ವೈದ್ಯರು ಹೇಳಿದರಂತೆ. ಸಂಜೆಯ ರೈಲಿಗೆ ತಂದೆ ತಾಯಿ ಬರಿಗೈಯಲ್ಲಿ ಮರಳಿದರು.

ಅಜ್ಜಿ ಆಮೇಲೆ ಹನ್ನೊಂದು ವರ್ಷ ಬದುಕಿದ್ದಳು. ಅಲ್ಲವನ್ನು ಅವಳು ಬಿಡಲಿಲ್ಲ. ಆದರೆ ಮದ್ದು ಕೇಳಿ ಬಂದ ನೆರೆಹೊರೆಯವರಿಗೆ ಮೊದಲು ಒಂದು ಪ್ರಶ್ನೆ ಹಾಕುತ್ತಿದ್ದಳು: ಎಷ್ಟು ದಿನವಾಯಿತು? ಮೂರು ದಿನ ಮೀರಿದ್ದರೆ, ಕೂಸಿಗೆ ಏದುಸಿರಿದ್ದರೆ, ರಕ್ತ ಬಿದ್ದಿದ್ದರೆ ಅವಳು ಗಡಿಗೆಯ ಮುಚ್ಚಳ ತೆಗೆಯುತ್ತಿರಲಿಲ್ಲ. 'ಎಲ್ಲಾದಕ್ಕೂ ಅಲ್ಲ' ಎನ್ನುತ್ತಿದ್ದಳು. ಮಾತು ಹಿಂದಿನದೇ, ಅರ್ಥ ಮಾತ್ರ ತಿರುಗಿ ನಿಂತಿತ್ತು. ಅನಂತರ ತಾನೇ ಎದ್ದು ಅವರನ್ನು ಸ್ಟೇಷನ್ನಿನ ದಾರಿಗೆ ಹಚ್ಚಿ ಬರುತ್ತಿದ್ದಳು.

ಎಷ್ಟೋ ವರ್ಷಗಳ ಮೇಲೆ 16ನೆಯ ಶತಮಾನದ 'ಭಾವಪ್ರಕಾಶ'ವನ್ನು ಓದುವಾಗ ನಾನು ಬೆರಗಾದೆ. ಆರ್ದ್ರಕವನ್ನು ಬಾಯ್ತುಂಬ ಹೊಗಳಿದ ಆ ಗ್ರಂಥಕಾರ ಅದು ಯಾವಾಗ ಸಲ್ಲದೆಂಬುದನ್ನೂ ಒಡನೆಯೇ ಹೇಳಿದ್ದಾನೆ. ಜ್ವರ, ದಾಹ, ವ್ರಣ, ಪಾಂಡು, ಮೂತ್ರಕೃಚ್ಛ್ರ, ರಕ್ತಪಿತ್ತಗಳಲ್ಲಿ ಅದು ಹಿತವಲ್ಲ. ಬೇಸಗೆಯಲ್ಲಿಯೂ ಶರದೃತುವಿನಲ್ಲಿಯೂ ತಕ್ಕುದಲ್ಲ. ನಮ್ಮ ಪ್ರಾಚೀನ ವೈದ್ಯರು ರೋಗಗಳನ್ನು ಸಾಧ್ಯ, ಅಸಾಧ್ಯವೆಂದು ವಿಂಗಡಿಸಿ ತಮ್ಮ ವಿದ್ಯೆಯ ಎಲ್ಲೆಯನ್ನು ತಾವೇ ಬರೆದಿಟ್ಟಿದ್ದರು. ಒಲೆಯ ಮುಂದಕ್ಕೆ ಇಳಿದು ಬರುವಾಗ ಗುಣಗಳ ಪಟ್ಟಿ ಉಳಿಯಿತು, ಮೇರೆಯ ಮಾತು ದಾರಿಯಲ್ಲಿ ಕಳೆದುಹೋಯಿತು. ಕಳೆದುದನ್ನು ನಮ್ಮ ಅಜ್ಜಿ ಮತ್ತೆ ಗಳಿಸಬೇಕಾಯಿತು. ಅದಕ್ಕೆ ಅವಳು ತೆತ್ತ ಬೆಲೆ ದೊಡ್ಡದು.

ಆಧುನಿಕ ವಿಜ್ಞಾನ ಶುಂಠಿಯನ್ನು ಕಡೆಗಣಿಸಿಲ್ಲ. ಹಸಿಶುಂಠಿಯ ಖಾರಕ್ಕೆ ಜಿಂಜೆರಾಲ್ ಎಂಬ ದ್ರವ್ಯ ಕಾರಣ. ಒಣಗಿದಾಗ ಅದರ ಒಂದು ಭಾಗ ಇನ್ನೂ ಖಾರವಾದ ಶೋಗಾಲ್ ಆಗಿ ಮಾರ್ಪಡುತ್ತದೆ. ಅಲ್ಲ ಬೇರೆ, ಶುಂಠಿ ಬೇರೆ ಎಂದ ನಮ್ಮ ಹಿರಿಯರ ಮಾತು ಹುಸಿಯಲ್ಲ. ಪ್ರಯಾಣದ ವಾಕರಿಕೆಯ ಮೇಲೆ ಶುಂಠಿಯ ಪ್ರಭಾವವನ್ನು ಕುರಿತ ಪರೀಕ್ಷೆಯೊಂದನ್ನು 1982ರಲ್ಲಿ 'ಲಾನ್ಸೆಟ್' ಪತ್ರಿಕೆ ಪ್ರಕಟಿಸಿತು. ಬಸುರಿಯರ ವಾಕರಿಕೆಗೆ ಅದು ತಕ್ಕಮಟ್ಟಿಗೆ ಉಪಶಮನ ನೀಡುತ್ತದೆಂದು ಮುಂದಿನ ಪರೀಕ್ಷೆಗಳು ತೋರಿಸಿವೆ. ನೆಗಡಿಯಲ್ಲಿ ಬಿಸಿ ಕಷಾಯ ಗಂಟಲಿಗೆ ಹಿತ. ಅದಕ್ಕಿಂತ ಹೆಚ್ಚನ್ನು ಹೇಳಲು ಆಧಾರ ಸಾಲದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಹೆಚ್ಚು ಶುಂಠಿ ತಿನ್ನುವ ಮುನ್ನ ವೈದ್ಯರನ್ನು ಕೇಳಬೇಕು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು.

2020ರ ಮಾರ್ಚ್ ತಿಂಗಳ ಕೊನೆಯಲ್ಲಿ, ಕೋವಿಡ್ ಬಂದಾಗ, ತುಳಸಿ, ದಾಲ್ಚಿನ್ನಿ, ಮೆಣಸು, ಶುಂಠಿ, ಒಣದ್ರಾಕ್ಷಿಗಳ ಕಷಾಯವನ್ನು ಕೇಂದ್ರದ ಆಯುಷ್ ಸಚಿವಾಲಯ ಸೂಚಿಸಿತು. ಅದು ದೇಹದ ಪ್ರತಿರೋಧಶಕ್ತಿಗಾಗಿ ಹೇಳಿದ್ದು, ಬೇನೆಯ ಚಿಕಿತ್ಸೆಯೆಂದಲ್ಲ. ಆದರೆ ಕೇಳಿದವರಲ್ಲಿ ಹಲವರು ಆ ಭೇದವನ್ನು ಗಮನಿಸಲಿಲ್ಲ. ನಮ್ಮ ಮನೆಯಲ್ಲಿಯೂ ಆಗ ದಿನವೂ ಕಷಾಯ ಕುದಿಯಿತು. ನಾನು ಕುಡಿದೆ, ರುಚಿಯಾಗಿತ್ತು. ಲಸಿಕೆ ಬಂದಾಗ ಸಾಲಿನಲ್ಲಿ ನಿಂತು ಅದನ್ನೂ ಹಾಕಿಸಿಕೊಂಡೆ.

ಅಜ್ಜಿಯ ಸಾಣೆಕಲ್ಲು ಈಗ ನನ್ನಲ್ಲಿದೆ. ಮೊಮ್ಮಕ್ಕಳಿಗೆ ನೆಗಡಿಯಾದರೆ ಸೊಸೆ ಅದನ್ನು ಕೇಳಿ ತೆಗೆದುಕೊಂಡು ಹೋಗುತ್ತಾಳೆ. ಕಲ್ಲನ್ನು ಕೊಡುವಾಗ ನಾನು ತಪ್ಪದೆ ಒಂದು ಮಾತು ಕೇಳುತ್ತೇನೆ: ಎಷ್ಟು ದಿನವಾಯಿತು?