ತಳವಾರನಿಂದ ಗ್ರಾಮರಕ್ಷಣಾ ದಳಕ್ಕೆ: ಕಾಫಿಸೀಮೆಯ ಕಾವಲು

ಕನ್ನಡ ನಾಡಿನಲ್ಲಿ ಕಾವಲು ಪೊಲೀಸ್ ಠಾಣೆಗಿಂತ ಹಳೆಯದು. ಊರಿನ ಆಯಗಾರರಲ್ಲಿ ತಳವಾರ, ತೋಟಿ ಎಂಬಿಬ್ಬರು ಈ ಹೊಣೆ ಹೊತ್ತಿದ್ದರು. 1812ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ಬಂದ ಐದನೆಯ ವರದಿಯ ಪ್ರಕಾರ, ಅಪರಾಧಗಳ ಸುಳಿವು ಹಿಡಿಯುವುದೂ ಊರಿಂದೂರಿಗೆ ಹೋಗುವ ಪಯಣಿಗರಿಗೆ ಬೆಂಗಾವಲಾಗುವುದೂ ತಳವಾರನ ಕೆಲಸ. ಪೈರು ಕಾಯುವುದು, ಅದರ ಅಳತೆಗೆ ನೆರವಾಗುವುದು ತೋಟಿಯದು. ಊರಿನ ಪರಿಚಯವೇ ಇಬ್ಬರ ಬಲ.

ಮನೆಗಳು ಒತ್ತಾಗಿರುವ ಬಯಲುಸೀಮೆಯ ಊರಿಗೆ ಒಪ್ಪುವ ಈ ಏರ್ಪಾಡು ಮೂಡಿಗೆರೆ, ಕಳಸಗಳ ಕಡೆ ಸುಲಭವಲ್ಲ. ಇಲ್ಲಿ ಗುಡ್ಡಕ್ಕೊಂದು ಮನೆ, ನಡುವೆ ಕಾಡು, ಹಳ್ಳ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿತೋಟಗಳು ಹಬ್ಬಿದಂತೆ ಘಟ್ಟದ ಕೆಳಗಿನಿಂದಲೂ ಬಯಲಿನಿಂದಲೂ ಕೂಲಿಕಾರರು ಬಂದರು. ನೆರೆಯವರು ಪರಸ್ಪರ ಅಪರಿಚಿತರಾದರು. ಕಣದಲ್ಲಿ ದಿನಗಟ್ಟಲೆ ಒಣಗುವ ಕಾಫಿಗೆ ಕಳವಿನ ಭಯ ಸಹಜ. ನೆರೆಯ ಮದ್ರಾಸ್ ಪ್ರಾಂತ 1878ರಲ್ಲಿ ಕಾಫಿ ಕಳವಿನ ತಡೆಗೆಂದೇ ಕಾಯಿದೆ ಮಾಡಿತು.

1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗೊಳಿಸಿತು. ಅದು ನ್ಯಾಯವೇ ಆಗಿತ್ತು. ತೋಟಿಯ ಕಾವಲು ಹೆಚ್ಚಾಗಿ ಹೊರಗೇರಿಯವರಿಗೆ ಹುಟ್ಟಿನಿಂದ ಅಂಟಿದ ಊಳಿಗ. ಮರುವರ್ಷ, 1964ರಲ್ಲಿ, ಗ್ರಾಮರಕ್ಷಣಾ ದಳಗಳ ಕಾಯಿದೆ ಬಂತು. 2017ರ ಪರಿಷ್ಕೃತ ಗಸ್ತು ವ್ಯವಸ್ಥೆ ನಿವಾಸಿಗಳನ್ನೇ ಗಸ್ತಿನ ಸದಸ್ಯರನ್ನಾಗಿಸಿತು. ಹೀಗೆ ಒಂದು ಜಾತಿಯ ಊಳಿಗ ಎಲ್ಲರ ಪೌರಹೊಣೆಯಾಯಿತು.

ಆದರೆ ಕೂಲಿಲೈನಿನಲ್ಲಿ ವಾಸಿಸುವವರು ಈ ಗಸ್ತಿನ ಸದಸ್ಯರೋ ಅಥವಾ ಅದರ ಶಂಕಿತರೋ? ಹಳೆಯ ಅಸಮಾನತೆ ನಿಜಕ್ಕೂ ಅಳಿದಿದೆಯೇ ಎಂಬುದಕ್ಕೆ ಉತ್ತರ ಅಲ್ಲಿದೆ.